ಹದಿನಾಲ್ಕು, ಹದಿನೈದರ ನಡುವೆ

ಕಳೆದ ವಾರ ಷಟರ್ ಕಿರುಗುಟ್ಟುತ್ತಿತ್ತೆಂದು ಹೊಲಿಗೆ ಮಷೀನಿನ ಎಣ್ಣೆಯ ಸಣ್ಣ ಸೀಸೆಯೊಂದನ್ನು ತಂದೆ. ಮುಚ್ಚಳ ತಿರುವಿದ್ದೇ ತಡ, ಮೂಗಿಗೆ ಬಡಿದ ಆ ವಾಸನೆಗೆ ಕೈ ಹಾಗೇ ನಿಂತುಬಿಟ್ಟಿತು. ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆಯ ಆ ಮನೆಯಲ್ಲಿ ಮುಂದಿನ ಕೋಣೆಯ ಟೈಪ್‌ರೈಟರುಗಳಿಗೂ ಹಿಂದಿನ ಕೋಣೆಯ ಮಗ್ಗಕ್ಕೂ ಇದೇ ಎಣ್ಣೆ ಬೀಳುತ್ತಿತ್ತು. ಒಂದೇ ಸೀಸೆ. ಬೆಳಿಗ್ಗೆ ಸರ್ ಕೈಯಲ್ಲಿ, ಮಧ್ಯಾಹ್ನ ಅವ್ವಾರ ಕೈಯಲ್ಲಿ...

ಸರ್ ಎಂದರೆ ನಮಗೆ ಟೈಪಿಂಗ್ ಕಲಿಸಿದ ಸರ್. ಅವ್ವಾರು ಎಂದರೆ ಅವರ ಹೆಂಡತಿ. ನಾನು ಮಕ್ತಲ್‌ನಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಅವರಲ್ಲಿ ಇಂಗ್ಲಿಷ್ ಟೈಪಿಂಗಿನ ಲೋಯರ್, ಆಮೇಲೆ ಹೈಯರ್ ಪರೀಕ್ಷೆ ಮುಗಿಸಿದೆ. ಅಷ್ಟರಲ್ಲಿ ಟೈಪ್‌ರೈಟರಿನ ಕಾಲವೇ ಮುಗಿಯುತ್ತ ಬಂತು. ಸರ್ ಎರಡು ಕಂಪ್ಯೂಟರು ತಂದರು, ಅದನ್ನು ಕಲಿಸಲು ನನ್ನನ್ನೇ ಇಟ್ಟುಕೊಂಡರು. ಹೀಗೆ ವಿದ್ಯಾರ್ಥಿನಿಯಾಗಿ ಹೋದವಳು ಆ ಮನೆಯಲ್ಲಿ ಸರ್ ಕೈಕೆಳಗೆ ಹನ್ನೆರಡು ವರ್ಷ ಉಳಿದೆ.

ಅವರ ಕಲಿಸುವ ಕ್ರಮ ಒಂದೇ. ಕೀಲಿಗಳ ಮೇಲೆ ಕಣ್ಣು ಬೀಳಬಾರದು. ಗೋಡೆಗೆ ಅಂಟಿಸಿದ ದೊಡ್ಡ ಚಾರ್ಟಿನಲ್ಲಿ ಯಾವ ಬೆರಳಿಗೆ ಯಾವ ಅಕ್ಷರ ಎಂದು ಬರೆದಿರುತ್ತಿತ್ತು. "ಕೈ ನೋಡಿದ್ರ ಕೈ ಹೆದರ್ತೈತಿ. ಗ್ವಾಡಿ ನೋಡ್ರಿ" ಎನ್ನುತ್ತಿದ್ದರು. ಎರಡು ಪದದ ನಡುವೆ ಜಾಗ ಬಿಡಲು ಮರೆತರೆ ಅದನ್ನೂ ತಪ್ಪೆಂದೇ ಎಣಿಸುತ್ತಿದ್ದರು. "ಖಾಲಿ ಜಾಗಾನೂ ಒಂದು ಅಕ್ಷರನವಾ."

ತರಗತಿ ನಡೆಯುವಾಗ ಅವರು ನಡುವಿನ ಬಾಗಿಲು ಮುಚ್ಚುತ್ತಿದ್ದರು. ಮಗ್ಗದ ಸದ್ದಿನಿಂದ ನಮಗೆ ತೊಂದರೆಯಾಗುತ್ತದೆ ಎಂದು ನೆಪ. ಹನ್ನೆರಡು ಟೈಪ್‌ರೈಟರು ಒಮ್ಮೆಲೇ ಬಡಿಯುವ ಕೋಣೆಗೆ ಒಂದು ಮಗ್ಗದಿಂದ ಏನು ತೊಂದರೆ? ನಿಜವಾದ ಕಾರಣ ಅವ್ವಾರೇ ಒಮ್ಮೆ ನಗುತ್ತ ಹೇಳಿದ್ದರು. ಸರ್ ಹುಟ್ಟಿದ್ದೂ ನೇಕಾರರ ಮನೆಯಲ್ಲೇ. ಹದಿನೈದನೆಯ ವಯಸ್ಸಿಗೆ, ಇನ್ನು ಲಾಳಿ ಮುಟ್ಟುವುದಿಲ್ಲ ಎಂದು ಅಪ್ಪನೊಂದಿಗೆ ಜಗಳವಾಡಿ, ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗದಿಂದ ಎದ್ದು ಬಂದವರು. ಮದುವೆಯಾದ ಹೊಸದರಲ್ಲಿ ಗದ್ವಾಲಿನ ತವರಿನಿಂದ ಅವ್ವಾರು ಮಗ್ಗ ತರಿಸಿದಾಗ ಸರ್ ಮೂರು ದಿನ ಮಾತು ಬಿಟ್ಟಿದ್ದರಂತೆ. ನಾಲ್ಕನೆಯ ದಿನ ತಾವೇ ಹಿಂದಿನ ಕೋಣೆಯಲ್ಲಿ ಕುಣಿ ತೋಡಿಸಿಕೊಟ್ಟರಂತೆ.

ಅವ್ವಾರ ಕೈಯ ವಿಶೇಷವಿದ್ದದ್ದು ಅಂಚಿನಲ್ಲಿ. ನಾವು ದಡಿ ಎನ್ನುತ್ತೇವೆ. ಗದ್ವಾಲಿನ ಸೀರೆಗೆ ಒಡಲು ಹತ್ತಿ, ದಡಿ ರೇಷ್ಮೆ. ಎರಡಕ್ಕೂ ಬೇರೆ ಬೇರೆ ಲಾಳಿ. ಪ್ರತಿ ಸಾಲಿನಲ್ಲೂ ಒಡಲಿನ ನೂಲು ದಡಿಯ ರೇಷ್ಮೆ ಎಳೆಯನ್ನು ಒಂದು ಸುತ್ತು ಸುತ್ತಿ ಹಿಂತಿರುಗಬೇಕು. ಅದೇ ಕೊಂಡಿ. ಕೊಂಡಿ ತಪ್ಪಿದರೆ ಸೀರೆ ಅಲ್ಲೇ ಸೀಳುತ್ತದೆ, ಬಿಗಿಯಾದರೆ ದಡಿ ಸುಕ್ಕುಗಟ್ಟುತ್ತದೆ. ಸಾಮಾನ್ಯವಾಗಿ ಅದಕ್ಕೆ ಇಬ್ಬರು ಕೂಡುತ್ತಾರೆ. ಅವ್ವಾರು ಎರಡೂ ಬದಿಗೆ ಒಬ್ಬರೇ ಕೊಂಡಿ ಹಾಕುತ್ತಿದ್ದರು. ಆ ಓಣಿಯಲ್ಲಿ ಅದು ಬೇರೆ ಯಾರಿಗೂ ಬರುತ್ತಿರಲಿಲ್ಲ.

ಅವರ ಒಬ್ಬಳೇ ಮಗಳನ್ನು ಗದ್ವಾಲಿಗೇ ಕೊಟ್ಟಿದ್ದರು. ಅವಳು ಬಸುರಿಯಾದ ಸುದ್ದಿ ಬಂದ ವಾರವೇ ಅವ್ವಾರು ಹಸಿರು ಒಡಲಿಗೆ ಕುಂಕುಮ ಬಣ್ಣದ ದಡಿಯ ಹಾಸು ಹೂಡಿದರು. ಏಳನೆಯ ತಿಂಗಳ ಸೀಮಂತ, ಅಂದರೆ ಕುಬಸಕ್ಕೆ ಮಗಳು ಅಮ್ಮನೇ ನೇಯ್ದ ಹಸಿರು ಸೀರೆ ಉಡಬೇಕು. ಸೆರಗಿನಿಂದಲೇ ಶುರುಮಾಡಿ ಅರ್ಧಕ್ಕೂ ಹೆಚ್ಚು ಮುಗಿಸಿದ್ದರು. ಆಗಷ್ಟೇ ನಾನು ಹೊಸ ಫೋನು ಕೊಂಡಿದ್ದೆ. ಕ್ಯಾಮೆರಾ ಹೇಗಿದೆ ನೋಡೋಣವೆಂದು ಒಂದು ಮಧ್ಯಾಹ್ನ ಅವರು ನೇಯುವುದನ್ನು ಮೂರು ನಿಮಿಷ ವಿಡಿಯೋ ಮಾಡಿದೆ. "ನನ್ನ ಮಾರಿ ಏನು ತಗೀತಿ, ಸೀರಿ ತಗೀಬೇ" ಎಂದು ನಗುತ್ತಲೇ ಲಾಳಿ ಎಸೆಯುತ್ತಿದ್ದರು.

ಆಮೇಲೆ ತಿಂಗಳು ಕಳೆದಿರಲಿಲ್ಲ. ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮುಂದಿನ ಕೋಣೆಗೆ ಬೀಗ. ಅವ್ವಾರನ್ನು ಆಸ್ಪತ್ರೆಗೆ ಒಯ್ದಿದ್ದಾರೆ ಎಂದರು ಪಕ್ಕದವರು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತು... ಮೂರೂ ಹೋಗಿದ್ದವು. ಹದಿನೈದು ದಿನಕ್ಕೆ ಮನೆಗೆ ತಂದರು. ಎಲ್ಲಿ ಮಲಗಿಸಬೇಕೆಂದು ಕೇಳಿದ್ದಕ್ಕೆ ಅವ್ವಾರು ಎಡಗೈಯಿಂದ ಹಿಂದಿನ ಕೋಣೆ ತೋರಿಸಿದರು. ಮಗ್ಗದ ಎದುರಿಗೇ ಮಂಚ ಹಾಕಿದೆವು. ಅವರು ದಿನವೆಲ್ಲ ಆ ಅರ್ಧ ಸೀರೆಯನ್ನೇ ನೋಡುತ್ತ ಮಲಗಿರುತ್ತಿದ್ದರು.

ಕುಬಸಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ಅಂಗಡಿಯಿಂದ ಒಂದು ಹಸಿರು ಸೀರೆ ತಂದರಾಯಿತು ಎಂದಳು ಮಗಳು. ಅವ್ವಾರು ಗೋಡೆಯ ಕಡೆ ಮುಖ ತಿರುಗಿಸಿದರು. ಗದ್ವಾಲಿನಿಂದ ಅವರ ಅಣ್ಣ ಬಂದರು. ಇಬ್ಬರು ನೇಕಾರರನ್ನು ಕಳಿಸುತ್ತೇನೆ, ವಾರದಲ್ಲಿ ಮುಗಿಸುತ್ತಾರೆ ಎಂದರು. ಅವ್ವಾರು ಅದಕ್ಕೂ ತಲೆಯಾಡಿಸಿ ಬೇಡವೆಂದರು. ಆಗ ಸರ್ ಬಾಯಿಬಿಟ್ಟರು.

"ನಾ ನೇಯ್ತೀನಿ."

ಅಣ್ಣನಿಗೆ ಸಿಟ್ಟೇ ಬಂತು. "ಎಂದುಕು ಬಾವಾ ಈ ಪಂತಂ?" ಎಂದು ತೆಲುಗಿಗೇ ಇಳಿದರು. ಯಾಕೆ ಈ ಹಟ ಎಂದು. "ನಲವತ್ತು ವರ್ಷಾತು ನೀವು ಲಾಳಿ ಮುಟ್ಟಿ. ಆಕಿ ಕೈ ಕೆಲಸ ಅದು, ನಿಮಗೆಲ್ಲಿ ಬರ್ತೈತ್ರಿ?"

"ಮದಿವ್ಯಾಗ ಆಕಿ ಕೈ ನನ್ನ ಕೈಯಾಗ ಇಟ್ಟಾಂವ ನೀನ ಅಲ್ಲೇನು?" ಎಂದರು ಸರ್. "ಆ ಕೈ ಕೆಲಸ ಈಗ ಈ ಕೈಗೆ ಬಂದೈತಿ. ಅಷ್ಟ."

ನಾನು ಅವ್ವಾರ ಮುಖ ನೋಡಿದೆ. ಅವರು ಗೋಡೆಯಿಂದ ಈ ಕಡೆಗೆ ತಿರುಗಿದ್ದರು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಚಿಕ್ಕಂದಿನಲ್ಲಿ ಕಲಿತ ಸಾದಾ ನೇಯ್ಗೆ ಸರ್ ಕಾಲಿಗೆ ಎರಡೇ ದಿನಕ್ಕೆ ನೆನಪಾಯಿತು. ಆದರೆ ಗದ್ವಾಲಿನ ಕೊಂಡಿಯನ್ನು ಅವರು ಜೀವಮಾನದಲ್ಲಿ ಹಾಕಿರಲಿಲ್ಲ. ನನ್ನ ಫೋನಿನ ವಿಡಿಯೋ ನೆನಪಾಗಿ ಮಗ್ಗದ ಮುಂದೆ ಹಿಡಿದೆ. ಅವ್ವಾರ ಬೆರಳು ಮಿಂಚಿನಂತೆ ಓಡುತ್ತಿದ್ದವು. ನಿಲ್ಲಿಸಿ ನೋಡಬೇಕೆಂದರೆ ಸರ್ ಅವರ ಎರಡೂ ಕೈಗಳು ನೂಲಿನಲ್ಲಿ ಸಿಕ್ಕಿರುತ್ತಿದ್ದವು. ನಾನು ನಿಲ್ಲಿಸಿದರೆ ಬೇಕಾದ ಗಳಿಗೆ ದಾಟಿರುತ್ತಿತ್ತು. ಇಲ್ಲವೇ ಪರದೆಯೇ ಕತ್ತಲಾಗುತ್ತಿತ್ತು.

ಎರಡು ದಿನ ಒದ್ದಾಡಿ ಸರ್ ಕುಣಿಯಿಂದ ಎದ್ದರು. "ಇದು ಹಂಗ ಆಗೂದಿಲ್ಲವ್ವಾ. ನನಗ ಚಾರ್ಟ್ ಬೇಕು. ಗ್ವಾಡಿಗೆ ಹಚ್ಚೂವಂಥಾದ್ದು."

ವಿಡಿಯೋದಿಂದ ಚಾರ್ಟ್ ಮಾಡುವುದು ಹೇಗೆ? ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಒಂದು ಉಚಿತ ಪ್ರೋಗ್ರಾಂ ಸಿಕ್ಕಿತು. ಅದರಲ್ಲಿ ಒತ್ತಲು ಬಟನ್ನಿಲ್ಲ, ಮೌಸಿಗೆ ಕೆಲಸವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಟೈಪಿಸಿದರೆ ಸರಿ, ವಿಡಿಯೋದ ಚಿತ್ರಗಳನ್ನು ಒಂದೊಂದಾಗಿ ಕಿತ್ತು, ಅಡ್ಡಕ್ಕೆ ಇಷ್ಟು ಉದ್ದಕ್ಕೆ ಇಷ್ಟು ಎಂದು ಚೌಕಳಿಯಾಗಿ ಜೋಡಿಸಿ ಒಂದೇ ಹಾಳೆಯ ಚಿತ್ರ ಮಾಡಿಕೊಡುತ್ತದೆ. ಜೋಡಿಸುವ ಆ ಫಿಲ್ಟರಿನ ಹೆಸರು ಟೈಲ್. ನೆಲಕ್ಕೆ ಹಾಸುವ ಟೈಲ್ಸ್‌ನಂತೆಯೇ.

ನನಗೆ ಆ ಕಪ್ಪು ಪರದೆ ಕಂಡರೆ ಭಯ. ಸರ್ ಮುಖ ಅರಳಿತು. ಮೌಸು ಅವರಿಗೆ ಎಂದೂ ಒಗ್ಗಿರಲಿಲ್ಲ. ಇದಾದರೋ ಶುದ್ಧ ಟೈಪಿಂಗು! ನಾನು ಓದಿ ಹೇಳುತ್ತ ಹೋದೆ, ಅವರು ಗೋಡೆ ನೋಡುತ್ತ ಬಡಿಯುತ್ತ ಹೋದರು. ಸೆಕೆಂಡಿಗೆ ಎಷ್ಟು ಚಿತ್ರ, ಅಲ್ಪವಿರಾಮ, ಎಷ್ಟು ಅಗಲ, ಅಲ್ಪವಿರಾಮ, ಟೈಲ್ ನಾಲ್ಕು ಇಂಟು ಆರು. ಅಡ್ಡ ನಾಲ್ಕು, ಉದ್ದ ಆರು, ಒಟ್ಟು ಇಪ್ಪತ್ನಾಲ್ಕು ಮನೆ.

ಮೊದಲ ಸಲ ಹತ್ತು ಸೆಕೆಂಡಿಗೊಂದು ಚಿತ್ರ ಕೇಳಿದ್ದೆವು. ಮೂರು ನಿಮಿಷಕ್ಕೆ ಹದಿನೆಂಟೇ ಬಂದವು, ಕೊನೆಯ ಆರು ಮನೆ ಬರೀ ಕಪ್ಪು. ಬಂದ ಹದಿನೆಂಟರಲ್ಲೂ ಅವ್ವಾರು ನಗುತ್ತಿದ್ದರು, ಕೈ ಕಡಲೆಕಾಳಿನಷ್ಟು ಕಾಣುತ್ತಿತ್ತು. ಎರಡನೆಯ ಸಲ ಸೆಕೆಂಡಿಗೊಂದು ಚಿತ್ರ. ಇಪ್ಪತ್ನಾಲ್ಕೂ ತುಂಬಿದವು, ಆದರೆ ಒಂದು ಚಿತ್ರ ಈ ಸಾಲಿನದು, ಇನ್ನೊಂದು ಮುಂದಿನ ಸಾಲಿನದು. ಪುಟಕ್ಕೊಂದು ಅಕ್ಷರ ಹೆಕ್ಕಿ ಪುಸ್ತಕ ಓದಿದ ಹಾಗಾಯಿತು.

ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದ ಸಾಲು ಸಾಕವಾ. ಲಾಳಿ ಈ ಕಡಿಂದ ಹೋಗಿ ತಿರುಗಿ ಬರೂತನ ಎಷ್ಟು ಸೆಕೆಂಡು?"

ಗಡಿಯಾರ ಹಿಡಿದು ನೋಡಿದೆ. "ಆರು, ಸರ್."

"ಹಂಗಾರ ಆ ಆರ ಸೆಕೆಂಡು ತಗಿ. ಸೆಕೆಂಡಿಗೆ ನಾಕು ಚಿತ್ರ. ಇಪ್ಪತ್ನಾಕು ಆತಿಲ್ಲೋ? ಮತ್ತ ಮಾರಿ ಬ್ಯಾಡ. ಕೈಯಷ್ಟ ಕತ್ತರಿಸಿ ದೊಡ್ಡದು ಮಾಡು."

ಕತ್ತರಿಸಲೂ ಅದರಲ್ಲೇ ಒಂದು ಫಿಲ್ಟರ್ ಇತ್ತು. ಎಡಗಡೆಯಿಂದ ಇಷ್ಟು, ಮೇಲಿನಿಂದ ಇಷ್ಟು ಬಿಟ್ಟು ಈ ಅಳತೆಯ ತುಂಡು ಕೊಡು ಎಂದು ಕೇಳಬೇಕು. ಮನೆ ಮನೆಗಳು ಒಂದಕ್ಕೊಂದು ಅಂಟಿ ಕಣ್ಣಿಗೆ ಗೊಂದಲವಾಗುತ್ತಿತ್ತೆಂದು ನಡುವೆ ಬಿಳಿ ಅಂಚು ಬಿಡಿಸಿದರು. ಕಾಗದಕ್ಕೆ ಮಾರ್ಜಿನ್ ಬಿಡದೆ ಟೈಪ್ ಮಾಡುವವರೇ ಅಲ್ಲ ಅವರು. ಪ್ರತಿ ಸಲವೂ ಅದೇ ಹೆಸರಿನಲ್ಲಿ ಚಿತ್ರ ಉಳಿಸುತ್ತಿದ್ದುದರಿಂದ ಯಂತ್ರ ಕೇಳುತ್ತಿತ್ತು: ಈ ಹೆಸರಿನದು ಆಗಲೇ ಇದೆ, ಅದರ ಮೇಲೆಯೇ ಬರೆಯಲೇ? ಹೌದಾದರೆ ವೈ, ಬೇಡವಾದರೆ ಎನ್. ಸರ್ ಬಲಗೈ ತೋರುಬೆರಳಿನಿಂದ ವೈ ಒತ್ತುತ್ತಿದ್ದರು. ಹಳೆಯ ಚಿತ್ರ ಅಳಿದು ಹೊಸದು ಕೂಡುತ್ತಿತ್ತು.

ದೊಡ್ಡ ಹಾಳೆಗೆ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಮಗ್ಗದ ಎದುರಿನ ಗೋಡೆಗೆ ಹಚ್ಚಿದೆವು. ಸರ್ ಕುಣಿಯಲ್ಲಿ ಕಾಲಿಳಿಸಿ ಕೂತು ಒಂದನೆಯ ಮನೆಯಿಂದ ಓದುತ್ತ ಬಂದರು. ಎಡದಿಂದ ಬಲಕ್ಕೆ, ಸಾಲು ಮುಗಿದರೆ ಕೆಳಗೆ. ಹದಿಮೂರರವರೆಗೆ ಕೈ ಸರಾಗವಾಗಿ ಹೋಯಿತು. ಹದಿನಾಲ್ಕರಲ್ಲಿ ಅವ್ವಾರ ಎಡಗೈ ಹೆಬ್ಬೆರಳು ರೇಷ್ಮೆ ಎಳೆಯ ಮೇಲಿತ್ತು. ಹದಿನೈದರಲ್ಲಿ ನೂಲು ಆಗಲೇ ಸುತ್ತಿಕೊಂಡು ಹಿಂದೆ ಹೊರಟಿತ್ತು. ಸರ್ ಹಾಕಿದ ಕೊಂಡಿ ಮಾತ್ರ ಪ್ರತಿ ಸಲವೂ ಬಿಚ್ಚಿಕೊಳ್ಳುತ್ತಿತ್ತು. ಒಂದು ಸಲ, ಹತ್ತು ಸಲ, ಇಪ್ಪತ್ತು ಸಲ... ಅವರ ಕತ್ತಿನ ಬೆವರು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು.

"ಎಲ್ಲಾ ಬರೋಬರಿ ಐತಲ್ಲವಾ! ಎಲ್ಲಿ ತಪ್ಪಾಕತ್ತೀನಿ?"

ಹಿಂದಿನಿಂದ ಟಣ್ ಎಂದು ಸದ್ದಾಯಿತು. ಅವ್ವಾರು ಗಂಜಿ ಕುಡಿಯುವ ಚಮಚದಿಂದ ಮಂಚದ ಕಂಬಿಗೆ ಬಡಿದಿದ್ದರು. ಚಾರ್ಟಿನ ಕಡೆ ಬೆರಳು ಮಾಡಿದರು. ನಾನು ಅದನ್ನು ಬಿಚ್ಚಿ ಅವರ ಹತ್ತಿರ ಹಿಡಿದೆ. ಎಡಗೈಯಿಂದ ಹದಿನಾಲ್ಕನ್ನು ಮುಟ್ಟಿದರು, ಹದಿನೈದನ್ನು ಮುಟ್ಟಿದರು. ಆಮೇಲೆ ಎರಡರ ನಡುವಿನ ಬಿಳಿ ಅಂಚಿನ ಮೇಲೆ ಉಗುರು ಊರಿ, ಇಲ್ಲಿ, ಇಲ್ಲಿ ಎನ್ನುವಂತೆ ಒತ್ತಿದರು.

ನನಗೆ ಏನೂ ತಿಳಿಯಲಿಲ್ಲ. ಸರ್ ಕುಣಿಯಿಂದ ಎದ್ದು ಬಂದು ಮಂಚದ ಅಂಚಿಗೆ ಕೂತರು. ಅವ್ವಾರು ಅವರ ಅಂಗೈ ಎಳೆದುಕೊಂಡು, ಅದರ ಮೇಲೆ ತಮ್ಮ ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿ ತಟ್ಟನೆ ಬಿಟ್ಟರು. ಮತ್ತೆ ಒತ್ತಿದರು, ಬಿಟ್ಟರು.

ಸರ್ ತಮ್ಮ ಹೆಬ್ಬೆರಳಿನಿಂದ ಅಂಗೈ ಮೇಲೆ ಹಾಗೇ ಒತ್ತಿ ಬಿಟ್ಟು ನೋಡಿದರು. "ಒತ್ತಿ ಬಿಡ್ತಾಳ," ಎಂದರು ಮೆಲ್ಲಗೆ. "ಎಳಿ ಕೆಳಗ ಒತ್ತಿ, ನೂಲು ಹಾದ ಮ್ಯಾಲೆ ಬಿಡ್ತಾಳ. ಅದು ಈ ಎರಡು ಚಿತ್ರದ ನಡಕ ಆಗಿಹೋಗೇತಿ. ನಮ್ಮ ಹಾಳ್ಯಾಗ ಬಂದೇ ಇಲ್ಲ."

ಓಡಿಹೋಗಿ ಕಂಪ್ಯೂಟರ್ ಹಚ್ಚಿದೆ. ಈ ಸಲ ಸರ್ ಬರಲಿಲ್ಲ, ಆಜ್ಞೆ ನಾನೇ ಟೈಪಿಸಿದೆ. ಕೊಂಡಿ ಬೀಳುವ ಮೂರೇ ಸೆಕೆಂಡು, ಸೆಕೆಂಡಿಗೆ ಎಂಟು ಚಿತ್ರ. ಅವಸರದಲ್ಲಿ ಒಂದು ಖಾಲಿ ಜಾಗ ಬಿಡದೆ ಎರಡು ಸಲ ತಪ್ಪಾಯಿತು. ಮೂರನೆಯದಕ್ಕೆ ಚಿತ್ರ ಬಂತು, ಅದನ್ನೂ ಪ್ರಿಂಟ್ ತೆಗೆಸಿ ಗೋಡೆಗೆ ಹಚ್ಚಿದೆವು. ಒಂಬತ್ತನೆಯ ಮನೆಯಲ್ಲಿ ಅವ್ವಾರ ಹೆಬ್ಬೆರಳಿನ ಉಗುರು ಒತ್ತಿ ಬೆಳ್ಳಗಾಗಿತ್ತು. ಹನ್ನೊಂದರಲ್ಲಿ ಮತ್ತೆ ಕೆಂಪು.

ಅವತ್ತು ಸಂಜೆ, ನನ್ನ ಬಸ್ಸಿನ ಹೊತ್ತು ಆಗುವ ಮೊದಲು, ಸರ್ ಹಾಕಿದ ಒಂದು ಕೊಂಡಿ ನಿಂತಿತು. ಅವ್ವಾರ ಬಾಯಿಂದ ಏನೋ ಒಂದು ಸ್ವರ ಬಂತು. ಲಕ್ವ ಹೊಡೆದ ಮೇಲೆ ನಾನು ಕೇಳಿದ ಮೊದಲ ಸ್ವರ ಅದು. ಮಾತೇನೂ ಅಲ್ಲ...

ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕು ಬೆರಳಿನಷ್ಟು ಸೀರೆ ಬೆಳೆಯಿತು. ಆಮೇಲೆ ಒಂದು ಗೇಣು. ತಪ್ಪಾದರೆ ಚಮಚ ಟಣ್ ಎನ್ನುತ್ತಿತ್ತು, ಸರ್ ಬಿಚ್ಚಿ ಮತ್ತೆ ಹಾಕುತ್ತಿದ್ದರು. "ಮಂದಿ ತಪ್ಪು ಎಣಿಸಿ ಎಣಿಸಿ ಮುದುಕಾದೆ. ಈಗ ನನಗೂ ಒಬ್ಬರು ಮಾಸ್ತರು ಸಿಕ್ಕಾರ ನೋಡು" ಎಂದು ನಗುತ್ತಿದ್ದರು. ತರಗತಿಗಳೆಲ್ಲ ನನ್ನ ಪಾಲಿಗೆ ಬಿದ್ದಿದ್ದವು. ನಡುವಿನ ಬಾಗಿಲನ್ನು ಯಾರೂ ಮುಚ್ಚುತ್ತಿರಲಿಲ್ಲ. ಹುಡುಗಿಯರು ಕೀಬೋರ್ಡು ಬಿಟ್ಟು ಸರ್ ನೇಯುವುದನ್ನು ನೋಡಲು ಕತ್ತು ಚಾಚುತ್ತಿದ್ದರು. ಸರ್ ಗದರುತ್ತಿರಲಿಲ್ಲ.

ಕುಬಸಕ್ಕೆ ಎರಡು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಅವ್ವಾರನ್ನು ಅಷ್ಟು ದೂರ ಒಯ್ಯುವಂತಿರಲಿಲ್ಲ. ಅವರನ್ನು ಬಿಟ್ಟು ಸರ್ ಹೊರಡಲೊಲ್ಲರು. ನಾನೇ ಮಕ್ತಲ್‌ನಿಂದ ಬಸ್ಸು ಹತ್ತಿದೆ. ಜೂರಾಲ ಅಣೆಕಟ್ಟಿನ ಮೇಲೆ ಹೋಗುವಾಗ ಕಿಟಕಿಯಿಂದ ನೀರಿನ ಗಾಳಿ ಬೀಸುತ್ತಿತ್ತು, ತೊಡೆಯ ಮೇಲಿನ ಸೀರೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಗದ್ವಾಲಿನಲ್ಲಿ ಸರ್ ಮಗಳು ಸೀರೆ ಬಿಚ್ಚಿ ಮೊದಲು ಮಾಡಿದ ಕೆಲಸ ದಡಿಯುದ್ದಕ್ಕೂ ಬೆರಳಾಡಿಸಿದ್ದು. ನೇಕಾರರ ಮಗಳಲ್ಲವೇ. ಸೆರಗಿನಿಂದ ಶುರುಮಾಡಿ ಸರಿಸುತ್ತ ಸರಿಸುತ್ತ ಒಂದು ಕಡೆ ಅವಳ ಬೆರಳು ನಿಂತಿತು.

"ಇಲ್ಲಿಂದ ಅಪ್ಪ ಅಲ್ಲೇನಕ್ಕ?"

ಹೌದೆಂದೆ. ಅಲ್ಲಿಂದ ಮುಂದೆ ದಡಿ ಒಂದಿಷ್ಟು ಅಲೆಯಲೆಯಾಗಿತ್ತು, ಕೊಂಡಿ ಸಣ್ಣ ಸಣ್ಣ ಗಂಟಿನಂತೆ ಕೈಗೆ ಹತ್ತುತ್ತಿತ್ತು. ಅವಳು ಸೀರೆಯನ್ನು ಮೈಗೆ ಹಿಡಿದು ನೋಡಿಕೊಂಡಳು. "ಅವ್ವ ನೇದದ್ದು ಸೆರಗಿಗೆ, ನಿರಿಗಿಗೆ ಬಂತು. ಅಪ್ಪಂದು ಒಳಸುತ್ತಿಗೆ ಹೋಗ್ತೈತಿ. ಯಾರಿಗೂ ಕಾಣೂದಿಲ್ಲ." ನಗುತ್ತಲೇ ಕಣ್ಣೊರೆಸಿಕೊಂಡಳು. "ಅಪ್ಪಗ ಹಂಗ ಇದ್ರನ ಚಲೋ ಬಿಡಕ್ಕ."

ಸರ್‌ಗೆ ಹೇಳಿದೆ. ಬಹಳ ಹೊತ್ತು ನಕ್ಕರು.

ಮೊಮ್ಮಗಳನ್ನು ಅವ್ವಾರು ಎಡತೋಳಿನಲ್ಲಿ ಮಲಗಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಆ ಕೂಸಿಗೆ ಹಲ್ಲು ಬರುವ ಹೊತ್ತಿಗೆ ಅವ್ವಾರು ಇರಲಿಲ್ಲ. ಎರಡನೆಯ ಸಲ ಹೊಡೆದಿತ್ತು, ಆಸ್ಪತ್ರೆಯವರೆಗೂ ಹೋಗಲಿಲ್ಲ.

ಅವರು ಹೋಗಿ ಐದಾರು ತಿಂಗಳಾಗಿತ್ತು. ಒಂದು ದಿನ ಸರ್ ತರಗತಿ ಮುಗಿಯುವವರೆಗೂ ಕಾದು ನನ್ನ ಹತ್ತಿರ ಬಂದರು. ಏನೋ ಕೇಳಬೇಕಿತ್ತು, ಕೇಳಲು ಸಂಕೋಚ. "ಅವತ್ತಿನ ವಿಡಿಯೋ ಐತೇನವಾ? ಬರೇ ಕೈದಲ್ಲ. ಮೊದಲಿನ ಪೂರಾ ಮೂರು ನಿಮಿಷದ್ದು. ನಗಾಕತ್ತಿದ್ದಳಲ್ಲ..."

ಫೋನು ತುಂಬಿತೆಂದು ಅದರಲ್ಲಿನದನ್ನು ನಾನು ಯಾವಾಗಲೋ ಅಳಿಸಿದ್ದೆ. ಕಂಪ್ಯೂಟರಿನಲ್ಲಿದೆಯಲ್ಲ ಎಂಬ ಧೈರ್ಯ. ಆ ಕಂಪ್ಯೂಟರು ನಿಧಾನವಾಯಿತೆಂದು ಹಿಂದಿನ ತಿಂಗಳಷ್ಟೇ ನಾನೇ ಎಲ್ಲ ಅಳಿಸಿ ಹೊಸದಾಗಿ ಸಿದ್ಧಮಾಡಿದ್ದೆ. ಫೋನಿನಲ್ಲಿದೆಯಲ್ಲ ಎಂಬ ಧೈರ್ಯ. ಅವ್ವಾರ ಫೋಟೋಗಳು ಇಲ್ಲವೆಂದಲ್ಲ. ಮದುವೆಯದಿತ್ತು, ಆಧಾರ್ ಕಾರ್ಡಿನದಿತ್ತು. ಯಾವುದರಲ್ಲೂ ಅವರು ನಕ್ಕಿರಲಿಲ್ಲ. ಉಳಿದದ್ದು ಮುಖ ಕತ್ತರಿಸಿದ ಎರಡು ಹಾಳೆ, ನಲವತ್ತೆಂಟು ಮನೆ ತುಂಬ ಬರೀ ಕೈ.

ನಿಜ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಸರ್ ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಅಳಬ್ಯಾಡ. ಮೊದಲ್ನೇ ಹಾಳ್ಯಾಗ ಹದಿನೆಂಟು ಮನಿಯೊಳಗ ನಗಾಕತ್ತಿದ್ದಳು, ನೆನಪೈತಿಲ್ಲೋ? ಹಳೇದು ಅಳಿಸ್ಲೇನು ಅಂತ ಯಂತ್ರ ಕೇಳಿತ್ತು. ವೈ ಒತ್ತಿದಾಂವ ನಾನು. ನೀ ಅಲ್ಲ."

ತಪ್ಪು ಎಣಿಸುವುದರಲ್ಲಿ ಒಂದು ಖಾಲಿ ಜಾಗವನ್ನೂ ಬಿಡದ ಮನುಷ್ಯ ಅವರು. ಅವತ್ತು ನನ್ನ ತಪ್ಪನ್ನು ಎಣಿಸಲಿಲ್ಲ. ಮತ್ತೆ ಯಾವತ್ತೂ ಆ ಮಾತು ಎತ್ತಲೂ ಇಲ್ಲ.

ಅದಾದ ಮೇಲೆ ನಾಲ್ಕು ವರ್ಷ ಇದ್ದರು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಹೋಗಿ ಮಗ್ಗದ ಹತ್ತಿರ ಕೂಡುವುದು. ನೇಯಲಿಲ್ಲ. ಒಂದು ದಿನ ಮಗಳ ಮನೆಗೆಂದು ಹೋದವರು ಅಲ್ಲೇ, ಊಟ ಮಾಡಿ ಮಲಗಿದಲ್ಲೇ ಹೋದರು. ಗದ್ವಾಲಿನಲ್ಲೇ ಮಣ್ಣಾಯಿತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮನೆಯನ್ನೂ ತರಗತಿಗಳನ್ನೂ ಮಗಳು ನನಗೇ ನಡೆಸಲು ಬಿಟ್ಟಿದ್ದಾಳೆ. ಮಗ್ಗವನ್ನು ಅವಳ ಸೋದರಮಾವ ಬಂದು ಬಿಚ್ಚಿ ಒಯ್ದರು. ಕುಣಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿಸಿ, ಆ ಕೋಣೆಯಲ್ಲೂ ನಾನು ನಾಲ್ಕು ಕಂಪ್ಯೂಟರು ಇಟ್ಟಿದ್ದೇನೆ. ಕುಣಿ ಇದ್ದ ಜಾಗದಲ್ಲಿ ನೆಲ ಒಂದು ಬೆರಳಿನಷ್ಟು ಕುಸಿದಿದೆ. ಅಲ್ಲಿಟ್ಟ ಕುರ್ಚಿ ಅಲುಗುತ್ತದೆ, ಕೂತವರು ದೂರುತ್ತಾರೆ. ಮೇಸ್ತ್ರಿಗೆ ಹೇಳಿ ಸರಿ ಮಾಡಿಸಬೇಕೆಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೇನೆ. ಇನ್ನೂ ಮಾಡಿಸಿಲ್ಲ.